ಮಾವ ನಗದು ಕಟ್ಟಿ ಹಡಗು ಹತ್ತಿದ್ದು

ನನ್ನ ಸೋದರಮಾವನದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ ಇತ್ತು. ಜನ ಮೊಬೈಲಿನಲ್ಲೇ ಮದುವೆಗೆ ಕರೆಯತೊಡಗಿದ ಮೇಲೂ ಮಾವ ಕೆಲವು ವರ್ಷ ತಳ್ಳಿದರು. ಕೊನೆಗೆ ಅಟ್ಟದ ಏಣಿ ಹತ್ತಲು ಮೊಣಕಾಲು ಒಪ್ಪದೇ ಹೋದಾಗ ಅಂಗಡಿಯನ್ನು ಪಕ್ಕದವರಿಗೆ ಬಿಟ್ಟುಕೊಟ್ಟು, ಚಾಮರಾಜಪೇಟೆಯ ಮನೆಗೆ ಬಂದು, ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು ಅತ್ತೆಯನ್ನು ಕರೆದರಂತೆ.

"ಇಷ್ಟ್ ವರ್ಷ ನಿಂಗೇಂತ ಏನೂ ಮಾಡ್ಲಿಲ್ಲ. ಏನ್ ಬೇಕು ಕೇಳು."

ಒಂದು ರೇಷ್ಮೆ ಸೀರೆಯ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳಿದ ಪ್ರಶ್ನೆ ಅದು. ಅತ್ತೆ ಯೋಚಿಸಲೂ ಇಲ್ಲ. "ಹಡಗಲ್ಲಿ ಹೋಗ್ಬೇಕು" ಅಂದರು.

ಮಾವ ಮೊದಲು ಅದನ್ನು ತೆಪ್ಪಕ್ಕೆ ಇಳಿಸಲು ನೋಡಿದರು. ಹೊಗೇನಕಲ್ಲಿನ ಹೆಸರು ಹೇಳಿದರು. ಅತ್ತೆ ಜಗ್ಗಲಿಲ್ಲ. ಟೀವಿಯಲ್ಲಿ ಕಂಡಿದ್ದ, ಏಳೆಂಟು ಅಂತಸ್ತಿನ, ರಾತ್ರಿಯಾದರೆ ಮೈತುಂಬ ದೀಪ ಹತ್ತಿಸಿಕೊಳ್ಳುವ ಹಡಗೇ ಆಗಬೇಕಿತ್ತು. ಮಾತು ಕೊಟ್ಟ ವ್ಯಾಪಾರಸ್ಥರು ಹಿಂದೆ ಸರಿಯುವಂತಿರಲಿಲ್ಲ. ಮುಂಬೈಯಿಂದ ಹೊರಟು ಲಕ್ಷದ್ವೀಪದವರೆಗೆ ಹೋಗಿಬರುವ ಹಡಗು ಗೊತ್ತಾಯಿತು. ಮಲ್ಲೇಶ್ವರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವ ನಾನು ಜೊತೆಗೆ ಹೊರಟೆ. "ಇಂಗ್ಲಿಷ್ ಬರೋರು ಒಬ್ರು ಇದ್ರೆ ಒಳ್ಳೇದು" ಎಂಬುದು ಮಾವನ ಕಾರಣ. ಮದುವೆ, ಮಕ್ಕಳು ಅಂತ ಯಾವ ಅಡ್ಡಿಯೂ ಇಲ್ಲದವಳು ನಾನೊಬ್ಬಳೇ ಎಂಬುದು ಅವರು ಹೇಳದ ಕಾರಣ.

ಟಿಕೆಟ್ಟುಗಳನ್ನು ನನ್ನ ಕ್ರೆಡಿಟ್ ಕಾರ್ಡಿನಲ್ಲಿ ತೆಗೆದೆ. ಮಾರನೆಯ ಬೆಳಿಗ್ಗೆ ಮಾವ ಬಟ್ಟೆಚೀಲದಲ್ಲಿ ನೋಟುಗಳನ್ನು ತಂದು ನನ್ನ ಊಟದ ಮೇಜಿನ ಮೇಲಿಟ್ಟರು. ಹಡಗಿನ ಬಗ್ಗೆ ಓದಿಕೊಂಡಿದ್ದನ್ನೆಲ್ಲ ಆಗಲೇ ಅವರಿಗೆ ವಿವರಿಸಿದೆ. ಕೋಣೆ, ಊಟ, ತಿಂಡಿ ಟಿಕೆಟ್ಟಿನಲ್ಲಿ ಸೇರಿವೆ. ಮೇಲಿನ ಕಾಫಿ ಅಂಗಡಿ, ಐಸ್‌ಕ್ರೀಮು, ಫೋಟೊ, ಮಾಲೀಶು, ಇಂಟರ್ನೆಟ್ಟು ಸೇರಿಲ್ಲ. ಅವಕ್ಕೆ ಹಡಗಿನಲ್ಲಿ ಯಾರೂ ಕೈಗೆ ಕಾಸು ಮುಟ್ಟಿಸಿಕೊಳ್ಳುವುದಿಲ್ಲ. ಕೋಣೆಯ ಬಾಗಿಲು ತೆಗೆಯುವ ಕಾರ್ಡನ್ನೇ ಎಲ್ಲ ಕಡೆ ತೋರಿಸಬೇಕು. ಹತ್ತುವಾಗ ಆ ಕಾರ್ಡಿಗೆ ನಮ್ಮ ಕ್ರೆಡಿಟ್ ಕಾರ್ಡನ್ನು ಜೋಡಿಸಬೇಕು, ಇಲ್ಲವೆ ನಗದು ಕಟ್ಟಬೇಕು. ಉಳಿದದ್ದನ್ನು ಇಳಿಯುವ ದಿನ ವಾಪಸು ಕೊಡುತ್ತಾರೆ.

"ಕ್ರೆಡಿಟ್ ಕಾರ್ಡೇ ವಾಸಿ ಮಾವ" ಎಂದು ಕ್ಲಾಸಿನಲ್ಲಿ ನಿಂತವಳ ಧಾಟಿಯಲ್ಲಿ ಹೇಳಿದೆ. "ನೋಟು ಹೊತ್ಕೊಂಡು ಓಡಾಡೋ ಕಾಲ ಹೋಯ್ತು. ನಿಮಗೊಂದು ಮಾಡಿಸಿಕೊಡ್ತೀನಿ."

"ನಾನು ಜೀವಮಾನ ಎಲ್ಲಾ ಕಾರ್ಡ್ ಮಾರಿದೋನು ಕಣಮ್ಮ" ಅಂದರು ಮಾವ. "ನಂಗೆ ಕಾರ್ಡ್ ಮಾರ್ಬೇಡ."

ಮುಂಬೈಯಲ್ಲಿ ಹಡಗು ಹತ್ತುವಾಗ ಕೌಂಟರಿನಲ್ಲಿದ್ದ ಹುಡುಗಿ ಮಾವನ ವಿಭೂತಿ, ಪಂಚೆ ನೋಡಿ ಕನ್ನಡದಲ್ಲೇ ಮಾತಾಡಿದಳು. ಮಂಗಳೂರಿನ ಕಡೆಯವಳು. ಅಲ್ಲಿಗೆ ನನ್ನ ಇಂಗ್ಲಿಷಿನ ಉದ್ಯೋಗ ಮೊದಲ ಗಳಿಗೆಯಲ್ಲೇ ಹೋಯಿತು. ನಾನು ಕ್ರೆಡಿಟ್ ಕಾರ್ಡ್ ಕೊಟ್ಟು, ಸಹಿ ಹಾಕಿ, ಪಕ್ಕಕ್ಕೆ ನಿಂತೆ. ಮಾವ ಗೋಡೆಯ ಕಡೆ ತಿರುಗಿ ಅಂಗಿಯ ಗುಂಡಿ ಬಿಚ್ಚಿ, ಬನಿಯನ್ನಿಗೆ ಹೊಲಿಸಿಕೊಂಡಿದ್ದ ಒಳಜೇಬಿನಿಂದ ನೋಟುಗಳನ್ನು ತೆಗೆದರು.

"ನಗದು ತಗೋತೀರಾ?"

"ತಗೊಳ್ತೇವೆ ಅಂಕಲ್. ರಸೀದಿ ಕೊಡ್ತೇನೆ. ನಿಮ್ಗೆ ಒಂದು ಕಾರ್ಡು, ಆಂಟಿಗೆ ಒಂದು. ದುಡ್ಡು ಮಾತ್ರ ಎರಡಕ್ಕೂ ಒಂದೇ ಕಡೆಯಿಂದ ಹೋಗ್ತದೆ."

ಕೊನೆಯ ಮಾತು ಮಾವನ ಕಿವಿಗೆ ಬೀಳಲಿಲ್ಲ. ಅವರು ಆ ಕಾರ್ಡನ್ನು ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ತೀಡಿ ನೋಡುತ್ತಿದ್ದರು. "ಪ್ರಿಂಟಿಂಗ್ ಪರವಾಗಿಲ್ಲ. ಚಿನ್ನದ ಬಣ್ಣ ಮಾತ್ರ ಕಪ್ಪಾಗುತ್ತೆ" ಅಂತ ತೀರ್ಪು ಕೊಟ್ಟರು. ಅತ್ತೆ ತಮ್ಮ ಕಾರ್ಡನ್ನು ಸೆರಗಿನಿಂದ ಒರೆಸಿ ಪರ್ಸಿಗೆ ಹಾಕಿಕೊಂಡರು.

ಹಡಗಿನಲ್ಲಿ ಮಾವನದು ಒಂದೇ ಪ್ರಶ್ನೆ: "ಇದು ಟಿಕೆಟ್ಟಲ್ಲಿ ಸೇರಿದ್ಯಾ?" ಮೇಲಿನ ಡೆಕ್ಕಿನಲ್ಲಿ ಬಿಸಿಲು ಕಾಯಲು ಹಾಕಿದ್ದ ಕುರ್ಚಿಯಲ್ಲಿ ಕೂರುವ ಮೊದಲೂ ಕೇಳಿದರು. ಕೋಣೆಯಲ್ಲಿದ್ದ ನೀರಿನ ಬಾಟಲಿಯನ್ನು ದೂರ ಸರಿಸಿಟ್ಟರು. ಸಂಜೆ ಹಸಿವಾದರೆ ಅಂತ ಮನೆಯಿಂದ ತಂದಿದ್ದ ಕೋಡುಬಳೆಯ ಡಬ್ಬಿ ತೆಗೆದರು. ಬಾಗಿಲು ತೆಗೆಯುವುದಕ್ಕೆ ಬಿಟ್ಟರೆ ಮಾವನ ಕಾರ್ಡಿಗೆ ಬೇರೆ ಕೆಲಸವೇ ಇರಲಿಲ್ಲ.

ಮಾರನೆಯ ಮಧ್ಯಾಹ್ನ, ಮಾವ ಊಟದ ಮೇಲೆ ಮಲಗಿದ್ದ ಹೊತ್ತಿನಲ್ಲಿ, ನಾನು ಮೇಲಿನ ಡೆಕ್ಕಿಗೆ ಹೋದೆ. ಕಾಫಿ ಅಂಗಡಿಯ ಮುಂದೆ, ಸಮುದ್ರದ ಕಡೆ ಮುಖ ಮಾಡಿ, ಚಪ್ಪಲಿ ಬಿಟ್ಟು, ಎದುರಿನ ಕುರ್ಚಿಯ ಮೇಲೆ ಕಾಲು ಚಾಚಿ ಅತ್ತೆ ಕೂತಿದ್ದರು. ಮೇಲ್ತುಟಿಯ ಮೇಲೆ ಬೆಳ್ಳಗೆ ನೊರೆ.

"ಅತ್ತೆ, ಈ ಕಾಫಿ ಟಿಕೆಟ್ಟಲ್ಲಿ ಸೇರಿಲ್ಲ."

"ಗೊತ್ತು ಕಣೆ. ಕಾರ್ಡ್ ತೋರ್ಸಿದೆ, ಕೊಟ್ರು."

"ಮಾವಂಗೆ ಗೊತ್ತಾ?"

"ಮಲಗಿದಾರಲ್ಲ, ಯಾಕೆ ಎಬ್ಬಿಸ್ಲಿ?" ಅಂದು ಅಂಗಡಿಯವನ ಕಡೆ ಬೆರಳೆತ್ತಿದರು. ನನಗೂ ಒಂದು ಬಂತು. "ಚೆನ್ನಾಗೇನಿಲ್ಲ ಇದು. ಬರೀ ನೊರೆ. ಆದ್ರೂ ಇನ್ನೊಂದು ಕುಡಿಯೋಣ ಅನ್ಸುತ್ತೆ."

ಅಂದಿನಿಂದ ಮಾವ ಮಲಗಿದಾಗಲೆಲ್ಲ ಅತ್ತೆ ಎದ್ದು ಹೋಗುತ್ತಿದ್ದರು. ಪಾದಕ್ಕೆ ಮಾಲೀಶು ಮಾಡಿಸಿಕೊಂಡರು. ಸೂರತ್ತಿನಿಂದ ಬಂದಿದ್ದ ಹೆಂಗಸರ ಗುಂಪೊಂದರ ಪರಿಚಯವಾಗಿ, ಅವರ ಭಾಷೆ ಇವರಿಗೆ, ಇವರದು ಅವರಿಗೆ ಒಂದಕ್ಷರ ಬರದಿದ್ದರೂ ಅವರೆಲ್ಲರಿಗೂ ಐಸ್‌ಕ್ರೀಮು ಕೊಡಿಸಿದರು. ನಾನು ಬಾಯಿ ಬಿಡಲಿಲ್ಲ. ನೊರೆ ಕಾಫಿಯಲ್ಲಿ ನನ್ನ ಪಾಲೂ ಇತ್ತಲ್ಲ.

ಅಷ್ಟರಲ್ಲಿ ನನ್ನ ಮಾನ ಹೋಗುವ ಪ್ರಸಂಗ ಬಂತು. ದ್ವೀಪದ ದೋಣಿ ಸವಾರಿಗೆ ಟಿಕೆಟ್ ತೆಗೆಯಲು ಹೋದರೆ ನನ್ನ ಕಾರ್ಡು ನಡೆಯಲಿಲ್ಲ. ಮಂಗಳೂರಿನ ಹುಡುಗಿಯ ಹತ್ತಿರ ಓಡಿದೆ. ನಾನು ಖರ್ಚು ಮಾಡಿದ್ದು ಕಡಿಮೆಯೇ. ಆದರೆ ಕ್ರೆಡಿಟ್ ಕಾರ್ಡ್ ಜೋಡಿಸಿದವರ ಲೆಕ್ಕದಲ್ಲಿ ಹಡಗಿನವರು ಮುಂಜಾಗ್ರತೆಗೆ ಒಂದು ದೊಡ್ಡ ಮೊತ್ತವನ್ನು ಮೊದಲೇ ತಡೆಹಿಡಿದಿರುತ್ತಾರಂತೆ. ದೋಣಿ ಸವಾರಿಯ ಹಣ ಅದರಲ್ಲಿ ಸೇರುವುದಿಲ್ಲ, ಬೇರೆಯಾಗಿಯೇ ಹಿಡಿಯಬೇಕಂತೆ. ನಗದು ಒಯ್ಯುವ ಕಾಲ ಹೋಯಿತೆಂದು ಊರಿಗೆಲ್ಲ ಹೇಳುವ ನಾನು, ಯಾರಾದರೂ ಕಾರ್ಡು ಕದ್ದರೆ ಅಂತ ಹೆದರಿ, ಟಿಕೆಟ್ಟು ತೆಗೆದಾದ ಮೇಲೆ ಅದರ ಮಿತಿಯನ್ನು ತೀರಾ ಕಡಿಮೆ ಮಾಡಿಕೊಂಡಿದ್ದೆ.

"ಖರ್ಚಾದದ್ದಲ್ಲ ಮೇಡಂ, ಬ್ಲಾಕ್ ಮಾಡಿ ಇಟ್ಟದ್ದು ಅಷ್ಟೆ. ಆಮೇಲೆ ಬಿಡ್ತಾರೆ" ಅಂದಳು ಹುಡುಗಿ. "ಆದ್ರೆ ಈಗ ಅದ್ರಲ್ಲಿ ಜಾಗ ಇಲ್ಲ. ನಗದು ಉಂಟಾ ನಿಮ್ಮ ಹತ್ರ?"

ನನ್ನ ಹತ್ತಿರ ಇರಲಿಲ್ಲ. ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಮಾವ ಗೋಡೆಯ ಕಡೆ ತಿರುಗಿದರು. ಗುಂಡಿ ಬಿಚ್ಚಿದರು. ನನ್ನ ಹೆಸರಿನಲ್ಲಿ ನಗದು ಕಟ್ಟಿದ ಮೇಲೆ, "ನಿಮ್ಮ ಕಾಲೇಜಲ್ಲಿ ಇದ್ನೂ ಒಂದು ಪಾಠ ಮಾಡು" ಅಂದರು. ರಾತ್ರಿ ಊಟದ ಮೇಜಿನಲ್ಲಿ ಸೂರತ್ತಿನವರಿಗೂ ಈ ಕತೆಯನ್ನು ತಮಗೆ ಬಂದ ಹಿಂದಿಯಲ್ಲಿ ಹೇಳಿದರು. ಅವರು ನನ್ನ ಕಡೆ ಕನಿಕರದಿಂದ ನೋಡಿದರು.

ಈ ಗೆಲುವಿನಿಂದಲೇ ಇರಬೇಕು, ಕೊನೆಯ ಸಂಜೆ ಮಾವನ ಮನಸ್ಸು ಸಡಿಲವಾಯಿತು. ಸೂರ್ಯ ಮುಳುಗುವುದನ್ನು ನೋಡಲು ಎಲ್ಲರೂ ಮೇಲೆ ಸೇರಿದ್ದೆವು. "ಹೆಂಗೂ ನಾಳೆ ಪೂರ್ತಿ ದುಡ್ಡು ವಾಪಸ್ ಬರುತ್ತೆ. ಅದ್ರಲ್ಲಿ ಇವ್ರಿಗೆಲ್ಲ ಒಂದೊಂದು ಐಸ್‌ಕ್ರೀಮ್ ಕೊಡ್ಸೋಣ" ಎಂದು ಮಾವ ಎದ್ದರು. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಸಮುದ್ರವನ್ನೇ ನೋಡುತ್ತಿದ್ದರು.

ಐಸ್‌ಕ್ರೀಮಿನವನು ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿ ತಲೆಯಾಡಿಸಿದ. ಮಾವ ಅದನ್ನು ಪಂಚೆಗೆ ಉಜ್ಜಿ ಮತ್ತೆ ಕೊಟ್ಟರು. ಮತ್ತೆ ಅದೇ. ದುಡ್ಡಿಲ್ಲ ಎನ್ನುವುದು ಅರ್ಥವಾದಾಗ ಮಾವ ಕೂಗಾಡಲಿಲ್ಲ. ಪೇಟೆಯಲ್ಲಿ ವ್ಯಾಪಾರ ಮಾಡಿದವರು, ಮೋಸ ಎಂದು ಖಚಿತವಾದಾಗಲೇ ಅವರ ದನಿ ಮೆತ್ತಗಾಗುತ್ತಿತ್ತು. "ಬಾಮ್ಮ, ಕೌಂಟರಿಗೆ ಹೋಗೋಣ" ಅಂದರು. ಅತ್ತೆಯೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದರು.

"ನಾನು ಕಟ್ಟಿದ ದುಡ್ಡು ಏನಾಯ್ತಮ್ಮ? ಒಂದು ಲೋಟ ನೀರೂ ಕುಡಿದಿಲ್ಲ ನಾನು."

ಹುಡುಗಿ ಕಂಪ್ಯೂಟರ್ ನೋಡಿದಳು. ಆಮೇಲೆ ಅತ್ತೆಯನ್ನು ನೋಡಿದಳು. "ಮೋಸ ಏನೂ ಆಗ್ಲಿಲ್ಲ ಅಂಕಲ್. ಬೇಕಿದ್ರೆ ಬಿಲ್ಲು..."

"ಬಿಲ್ ಬೇಡಮ್ಮ" ಅಂದರು ಅತ್ತೆ. "ರೀ, ನಾನೇ ಖರ್ಚು ಮಾಡಿದ್ದು."

"ಎಲ್ಲಾನಾ?"

"ಎಲ್ಲಾ."

"ಯಾತಕ್ಕೆ?"

ಅತ್ತೆ ಅವರ ಕಡೆ ತಿರುಗಿದರು. "ನೋಡಿ, ಅದೇ. ಕೊತ್ತಂಬರಿ ಸೊಪ್ಪಿಗೆ ಕಾಸು ಕೇಳಿದ್ರೂ ಯಾತಕ್ಕೆ ಅಂತೀರಿ. ಇಲ್ಲ ಅಂತ ಒಂದಿನಾನೂ ಅಂದಿಲ್ಲ ನೀವು, ಒಪ್ಕೋತೀನಿ. ಕೇಳ್ದೆ ಒಂದಿನಾನೂ ಕೊಟ್ಟಿಲ್ಲ. ಇಲ್ಲಿ ಕಾರ್ಡ್ ತೋರ್ಸಿದ್ರೆ ಕೊಟ್ಬಿಟ್ರು, ಯಾರೂ ಏನೂ ಕೇಳ್ಲಿಲ್ಲ. ಆ ಕಾಫಿ ಕೂಡ ಚೆನ್ನಾಗಿರ್ಲಿಲ್ಲ ರೀ. ಇವಳನ್ನ ಕೇಳಿ ಬೇಕಾದ್ರೆ."

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳಲಾಗದ ಒಂದು ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಮಾವ ನನ್ನ ಮಾತು ಕೇಳಿ ಕ್ರೆಡಿಟ್ ಕಾರ್ಡ್ ಮಾಡಿಸಿ ಜೋಡಿಸಿದ್ದರೆ, ಖರ್ಚೆಷ್ಟಾಯಿತೆಂದು ತಿಳಿಯುವ ಯಾವುದಾದರೊಂದು ವ್ಯವಸ್ಥೆಯನ್ನು ನಾನೇ ಅವರ ಫೋನಿಗೆ ಹಾಕಿಕೊಡುತ್ತಿದ್ದೆ. ಮೊದಲ ಲೋಟಕ್ಕೇ ಅವರು ನಿದ್ದೆಯಿಂದ ಎದ್ದು ಮೇಲೆ ಬರುತ್ತಿದ್ದರು. ನಗದೇ ಭದ್ರ ಎಂಬ ಅವರ ನಂಬಿಕೆಯ ನೆರಳಿನಲ್ಲಿ ಅತ್ತೆ ಹಾಯಾಗಿದ್ದರು.

ಮಾವ ಕೌಂಟರಿನ ಅಂಚನ್ನು ಬೆರಳಿನಿಂದ ಸವರುತ್ತ ನಿಂತಿದ್ದರು. ಅವರ ಕಿವಿ ಕೆಂಪಾಗಿತ್ತು. ಸಿಟ್ಟೋ ನಾಚಿಕೆಯೋ ನನಗೆ ತಿಳಿಯಲಿಲ್ಲ. ಕಡೆಗೆ ಗೋಡೆಯ ಕಡೆ ತಿರುಗಿ, ನನ್ನನ್ನು ಉದ್ಧಾರ ಮಾಡಿದ ಮೇಲೆ ಒಳಜೇಬಿನಲ್ಲಿ ಉಳಿದಿದ್ದುದನ್ನೆಲ್ಲ ತೆಗೆದು ಹುಡುಗಿಯ ಮುಂದಿಟ್ಟರು.

"ಇದ್ನ ಹಾಕ್ಕೊಳ್ಳಮ್ಮ."

"ನಾಳೆ ಬೆಳಿಗ್ಗೆ ಇಳೀಲಿಕ್ಕುಂಟಲ್ಲ ಅಂಕಲ್. ಇಷ್ಟು ಯಾಕೆ?"

"ಇರ್ಲಿ. ಅವಳಿಗೆ ಏನಾದ್ರೂ ಬೇಕಾಗ್ಬಹುದು."

ಸೂರತ್ತಿನವರಿಗೆ ಐಸ್‌ಕ್ರೀಮು ಸಿಕ್ಕಿತು. ಆಮೇಲೆ ಅತ್ತೆ ಮಾವನನ್ನು ಕಾಫಿ ಅಂಗಡಿಗೆ ಕರೆದುಕೊಂಡು ಹೋದರು. ನಾನು ಪಕ್ಕದ ಮೇಜಿನಲ್ಲಿ ಕೂತೆ. ಮಾವ ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿದರು. "ಕಾಫಿ ಎಲ್ಲಿದೆ ಇದ್ರಲ್ಲಿ?" ಅಂದರು. "ತಳದಲ್ಲಿರುತ್ತೆ, ಕುಡೀರಿ" ಅಂದರು ಅತ್ತೆ. ಮಾವ ತಳ ಕಾಣುವವರೆಗೂ ಕುಡಿದರು.

ಬೆಳಿಗ್ಗೆ ಕ್ರೆಡಿಟ್ ಕಾರ್ಡಿನವರೆಲ್ಲ ಚಕ್ರದ ಪೆಟ್ಟಿಗೆ ಎಳೆದುಕೊಂಡು ಸರಸರ ಇಳಿದು ಹೋದರು. ನಗದು ಕಟ್ಟಿದವರು ಉಳಿದ ಹಣಕ್ಕೆ ಸಾಲಿನಲ್ಲಿ ನಿಂತೆವು. ನನಗೆ ಎರಡು ಬಗೆಯವರ ಕಷ್ಟವೂ ಲಭ್ಯವಾಗಿತ್ತು. ಮಾವನ ಸರದಿ ಬಂದು ಹಣ ಕೈಗೆ ಸಿಕ್ಕಿತು. ಎಣಿಸದೆ ಅತ್ತೆಗೆ ಕೊಟ್ಟರು ಎಂದು ಬರೆದರೆ ಮಾವನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಬೆರಳು ಒದ್ದೆ ಮಾಡಿಕೊಂಡು ಎಣಿಸಿದರು, ಮತ್ತೊಮ್ಮೆ ಎಣಿಸಿದರು, ಆಮೇಲೆ ಅತ್ತೆಯ ಪರ್ಸು ತೆರೆದು ಒಳಗಿಟ್ಟರು.

ಬೆಂಗಳೂರಿಗೆ ಬಂದ ಮೇಲೆ ನನ್ನ ಕಾರ್ಡಿನಲ್ಲಿ ತಡೆಹಿಡಿದ ಮೊತ್ತ ಬಿಡುಗಡೆಯಾಗಲು ಬಹಳ ದಿನ ಹಿಡಿಯಿತು. ಬ್ಯಾಂಕಿಗೆ ಫೋನು ಮಾಡಿ ಸಂಗೀತ ಕೇಳುತ್ತ ಕೂತಿರುವುದು ನನ್ನ ಸಂಜೆಯ ಕೆಲಸವಾಯಿತು. ಮಾವ ಮಾತ್ರ ತಿಂಗಳು ತಿರುಗುವುದರೊಳಗೆ ಅತ್ತೆಯ ಹೆಸರಿನಲ್ಲಿ ಒಂದು ಖಾತೆ ತೆಗೆಸಿ, ಹಣ ತುಂಬಿ, ಅದರ ಕಾರ್ಡನ್ನು ಅವರ ಕೈಗೆ ಕೊಟ್ಟರು. ಅತ್ತೆ ಅಕ್ಕಪಕ್ಕದ ಮನೆಯವರನ್ನು ಕಟ್ಟಿಕೊಂಡು ವಿಶ್ವೇಶ್ವರಪುರದ ತಿಂಡಿಬೀದಿಗೆ ಹೊರಟರು. ಅಲ್ಲಿ ದೋಸೆಯವರು ಕಾರ್ಡು ಮುಟ್ಟುವುದಿಲ್ಲ. ಫೋನಿನಲ್ಲಿ ಕೊಡಿ, ಇಲ್ಲ ನಗದು ಕೊಡಿ ಅನ್ನುತ್ತಾರೆ. ಅತ್ತೆ ದಾರಿಯಲ್ಲೇ ಎಟಿಎಂನಿಂದ ನೋಟು ತೆಗೆದುಕೊಂಡು ಹೋಗುವುದನ್ನು ಕಲಿತರು.

ಒಂದು ಬೆಳಿಗ್ಗೆ ಮಾವ ನನಗೆ ಫೋನು ಮಾಡಿದರು.

"ಅವಳು ದುಡ್ಡು ತೆಗೆದಾಗೆಲ್ಲ ನನ್ ಫೋನಿಗೆ ಮೆಸೇಜ್ ಬರ್ತಿದೆ ಕಣಮ್ಮ. ಫಾರಂನಲ್ಲಿ ನನ್ ನಂಬರೇ ಬರೆದ್ಬಿಟ್ಟಿದೀವಿ. ಅದನ್ನ ನಿಲ್ಸೋದು ಹೆಂಗೆ?"

"ಬಂದ್ರೆ ಬರ್ಲಿ ಬಿಡಿ ಮಾವ. ನಿಮಗೇನ್ ತೊಂದ್ರೆ?"

"ಬೇಡ ಬೇಡ" ಅಂದರು ಮಾವ. "ಬಂದ್ರೆ ಓದ್ತೀನಿ. ಓದಿದ್ರೆ ಕೇಳ್ತೀನಿ."

ಅಂದೇ ಮಧ್ಯಾಹ್ನ ಕಾಲೇಜು ಮುಗಿಸಿ ಹೋಗಿ, ಇಬ್ಬರನ್ನೂ ಬ್ಯಾಂಕಿಗೆ ಕರೆದುಕೊಂಡು ಹೋದೆ. ಅತ್ತೆ ತಮ್ಮ ನಂಬರನ್ನು ತಾವೇ ಬರೆದುಕೊಟ್ಟರು.