ಧ್ವನಿಗೆ ಮೊದಲ ದಾರಿ

ದಾಂಡೇಲಿಯ ನಮ್ಮ ಇಂಟರ್ನೆಟ್ ಆಫೀಸಿನಲ್ಲಿ ಲೈನು ಹಂಚುವ ಕೆಲಸ ನನ್ನದು. ಸಂಜೆ ಏಳಾದರೆ ಊರೆಲ್ಲ ಒಂದೇ ಸಲ ಸೀರಿಯಲ್ಲು, ಕ್ರಿಕೆಟ್ಟು ಅಂತ ಕೂರುತ್ತದೆ. ಇರುವ ಲೈನು ಸಾಲುವುದಿಲ್ಲ. ಅದಕ್ಕೆ ನಾನೊಂದು ನಿಯಮ ಮಾಡಿಟ್ಟಿದ್ದೆ: ಏಳರಿಂದ ಹತ್ತರವರೆಗೆ ಧ್ವನಿಗೆ ಮೊದಲ ದಾರಿ, ಚಿತ್ರಕ್ಕೆ ಕೊನೆಯದು. ಹಳಿಯಾಳದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ಬದಿಗೆ ನಿಲ್ಲಿಸಿ ಬೈಕು ಬಿಟ್ಟ ಹಾಗೆ. ವಿಡಿಯೊ ಕರೆಯಲ್ಲಿ ಮುಖ ಮಸುಕಾದರೂ ಮಾತು ಕೇಳಿಸಿದರೆ ಜನ ಬೈಯುವುದಿಲ್ಲ. ಈ ಜಾಣತನದ ಬಗ್ಗೆ ನನಗೆ ಜಂಬವಿತ್ತು, ಸುಳ್ಳೇಕೆ ಹೇಳಲಿ.

ಬಂಗೂರನಗರದಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಒಂದು ಮಧ್ಯಾಹ್ನ ಬಂದರು. ಅವರಿಗೆ ಕಿವಿ ಕೇಳದು, ಮಾತೂ ಬಾರದು. ಚೀಟಿ ಬರೆದು ಕೊಟ್ಟರು: 'ಸಂಜಿಮುಂದ ವಿಡಿಯೊ ನಿಂತ್ ನಿಂತ್ ಬರ್ತೈತ್ರಿ.' ನಾನು ಅಲ್ಲೇ ಸ್ಪೀಡ್ ಅಳೆದು ತೋರಿಸಿದೆ. ಮಧ್ಯಾಹ್ನ ಬಳಸುವವರು ಕಡಿಮೆ, ಅಂಕಿ ಭರ್ಜರಿಯಾಗಿತ್ತು. 'ಲೈನ್ ಚಲೋ ಐತ್ರಿ' ಎಂದು ಬರೆದು ಕಳಿಸಿದೆ. ನಾಲ್ಕು ದಿನ ಬಿಟ್ಟು ಮತ್ತೆ ಬಂದರು. ಮತ್ತೆ ಅದೇ ಅಂಕಿ, ಅದೇ ಉತ್ತರ. ರವಿಕೆಯ ಡಿಸೈನ್ ನೋಡುವುದಕ್ಕಿರಬೇಕು, ಅದನ್ನು ಬೆಳಗ್ಗೆ ನೋಡಿದರೆ ಇವರ ಗಂಟೇನು ಹೋಗುತ್ತದೆ ಎಂದು ಗೊಣಗಿಕೊಂಡೆ.

ಮೂರನೆಯ ಸಲ ಸಂಜೆ ಏಳಕ್ಕೇ ಬಂದರು. ಆಫೀಸಿನ ಲೈನಿಗೆ ಮೊಬೈಲ್ ಸೇರಿಸಿಕೊಂಡು, ಬೆಳಗಾವಿಯಲ್ಲಿ ಗಂಡನ ಮನೆಯಲ್ಲಿದ್ದ ಮಗಳಿಗೆ ವಿಡಿಯೊ ಕರೆ ಮಾಡಿ ನನ್ನ ಮುಂದೆ ಹಿಡಿದರು. ಮಗಳು ತುಂಬಿದ ಬಸುರಿ. ಅವಳಿಗೂ ಕಿವಿ ಕೇಳದು, ಕೈಯಲ್ಲೇ ಮಾತಾಡುತ್ತಿದ್ದಳು. ಪರದೆಯಲ್ಲಿ ಆ ಬೆರಳುಗಳು ಮಸುಕಾಗಿ, ಒಂದಕ್ಕೊಂದು ಅಂಟಿ, ನಿಂತುಬಿಡುತ್ತಿದ್ದವು. ಅವಳ ಮನೆಯ ಫ್ಯಾನಿನ ಸದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

ತಾಯಿ ಬರೆದರು: 'ಹ್ವಾದ ಸಲದ ಕೂಸು ಉಳೀಲಿಲ್ರಿ. ಈ ಸಲ ಡಾಕ್ಟರು ಪ್ರಯಾಣ ಬ್ಯಾಡ ಅಂದಾರ. ಅಕಿ ಏನ್ ಹೇಳ್ತಾಳ ತಿಳಿವಲ್ದು.'

ಮೆಸೇಜ್ ಕಳಿಸಬಹುದಲ್ಲ ಎಂದು ನಾನು ಬರೆದೆ.

'ಬರದ್ರ ಎಲ್ಲಾ ಆರಾಮ ಅಂತಾಳ್ರಿ. ಕೈ ನೋಡಿದ್ರ ಖರೇ ತಿಳೀತೈತಿ.'

ನನಗೆ ನಾಚಿಕೆಯಾಯಿತು. ಕಂಪ್ಯೂಟರಿನ ಮುಂದೆ ಕೂತು ವಿಡಿಯೊ ಕರೆಗಳನ್ನು ಧ್ವನಿಯ ಸಾಲಿಗೇ ಏರಿಸಿದೆ. ಸೀರಿಯಲ್ಲಿನವರು ಬೈದರೆ ಬೈಯಲಿ. ಐದು ನಿಮಿಷದ ಕೆಲಸ. ಬೆರಳುಗಳು ಬಿಡಿಬಿಡಿಯಾಗಿ ಕಂಡವು. ತಾಯಿ ಮೊಬೈಲನ್ನು ಮೇಜಿನ ಮೇಲೆ ಒರಗಿಸಿಟ್ಟು ಕೈಯಲ್ಲಿ ಕೇಳಿದರು, ಮಗಳು ತಡೆದು ತಡೆದು ಹೇಳಿದಳು, ಕಣ್ಣೊರೆಸಿಕೊಂಡಳು, ಆಮೇಲೆ ಇಬ್ಬರ ಕೈಗಳೂ ಓಡಿದವು. ನಾನು ಎದ್ದು ಬಂದು ತಾಯಿಯ ಹಿಂದೆ ನಿಂತೆ.

ಚೀಟಿ ಬಂತು: 'ಕೂಸು ಒದೀತೈತ್ರಿ. ಆದ್ರ ಭಾಳ ಹೆದರ್ಯಾಳ, ಯಾರ ಮುಂದೂ ಹೇಳಿಲ್ಲ. ನಾಳೆ ಮುಂಜಾನಿ ಬಸ್ಸಿಗೆ ನಾನ ಹೋಗ್ತೇನಿ.' ಕೆಳಗೆ ಇನ್ನೊಂದು ಸಾಲು: 'ಹಿಂದ ನಿಂತಾವ್ರು ಯಾರು ಅಂತ ಕೇಳಾಕತ್ತಾಳ್ರಿ. ಏನ್ ಹೇಳ್ಲಿ?'

ಪೆನ್ನು ತೆಗೆದುಕೊಂಡು ಬರೆದೆ: 'ಇಷ್ಟ ದಿನಾ ನಿಮ್ಮ ಮಾತು ತಡದಾವ ಇವನ ಅಂತ ಹೇಳ್ರಿ.'

ಅವರು ಓದಿದರು. ಚೀಟಿಯನ್ನು ಮಡಚಿ ಮುಷ್ಟಿಯಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಮಗಳಿಗೆ ಏನೋ ಚುಟುಕಾಗಿ ಹೇಳಿದರು. ಮಗಳು ಪರದೆಯೊಳಗಿಂದ ನನಗೆ ಕೈ ಮುಗಿದಳು.