ತಮ್ಮನ ಕೆಂಪು ತುಟಿ

ಕೇರಳದ ವಯನಾಡು ಆಗಷ್ಟೇ ಹೊಸ ಜಿಲ್ಲೆಯಾಗಿದ್ದ ದಿನಗಳು. ಕಲ್ಲೂರಿನ ನಮ್ಮ ಮನೆಗೆ ಆ ಸುದ್ದಿಗಿಂತ ದೊಡ್ಡದಾಗಿ ಕಂಡದ್ದು ಅಪ್ಪ ಗುಂಡ್ಲುಪೇಟೆ ಸಂತೆಯಿಂದ ತಂದ ಮರದ ಕುದುರೆ. ಮೈಯೆಲ್ಲ ಕೆಂಪು, ಕಣ್ಣಿಗೆ ಹಳದಿ ಚುಕ್ಕಿ, ಮೂಗಿಗೆ ಹಿಡಿದರೆ ಸೀಮೆಎಣ್ಣೆಯಂಥ ವಾಸನೆ. ನನಗೂ ಆಡಲು ಆಸೆ. ಆದರೆ ಹಲ್ಲು ಬರುತ್ತಿದ್ದ ತಮ್ಮ ಅದನ್ನು ಬಾಯಿಂದ ತೆಗೆದರೆ ತಾನೆ.

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಅವನು ಸೊರಗಿದ. ರಾಗಿ ಮಣ್ಣಿ ಕೊಟ್ಟರೆ ಮುಖ ತಿರುಗಿಸುವನು, ಹೊಟ್ಟೆ ಹಿಡಿದು ಅಳುವನು. ತುಟಿಯ ಅಂಚಿನಲ್ಲಿ ಮಾತ್ರ ಕೆಂಪು. ಅಮ್ಮನ ಕಣ್ಣು ನೇರ ಅಜ್ಜಿಯ ಎಲೆ-ಅಡಿಕೆ ಚೀಲಕ್ಕೆ ಹೋಯಿತು. ನಮ್ಮ ಕಡೆ ಅಜ್ಜಿಯರು ತಾವು ಅಗಿದ ಎಲೆಯ ಚೂರನ್ನು ಪ್ರೀತಿಗೆಂದು ಮಕ್ಕಳ ಬಾಯಿಗಿಡುವುದುಂಟು.

"ಅತ್ತೆ, ಕೂಸಿಗೆ ಎಲೆ ಕೊಡ್ಬೇಡಿ ಅಂದಿದ್ದೆ."

"ನಾ ಕೊಟ್ಟಿಲ್ಲ ಕಣೆ."

"ಹಂಗಾದ್ರೆ ಬಾಯಿ ತಾನಾಗೇ ಕೆಂಪಾಯ್ತಾ?"

"ನಿನ್ನ ಗಂಡನ್ನ ಸಾಕ್ದವಳು ನಾನು. ಅವನೇನು ಸತ್ತೋದ್ನಾ?"

ಅಂದಿನಿಂದ ತಮ್ಮನನ್ನು ಅಜ್ಜಿಯ ಮಡಿಲಿಗೆ ಕೊಡುವುದು ನಿಂತಿತು. ಅಜ್ಜಿ ಜಗಲಿಯಲ್ಲಿ ಒಬ್ಬಳೇ ಅಡಿಕೆ ಕತ್ತರಿಸುತ್ತ ಕೂರುವಳು.

ನೋವು ಹೆಚ್ಚಾದ ದಿನ ಅವನನ್ನೆತ್ತಿಕೊಂಡು ಅಪ್ಪ ಅಮ್ಮ ಬತ್ತೇರಿಯ ಆಸ್ಪತ್ರೆಗೆಂದು ಬಸ್ಸು ಹತ್ತಿದರು, ನಾನೂ ಹೋದೆ. ಹೊರಡುವ ಮೊದಲು ಅಮ್ಮ ಅವನ ಬಾಯನ್ನು ಚೆನ್ನಾಗಿ ತೊಳೆದಿದ್ದಳು. ಇಳಿಯುವಾಗ ನೋಡಿದರೆ ತುಟಿ ಮತ್ತೆ ಕೆಂಪು. ಅಜ್ಜಿಯೋ ಕಲ್ಲೂರಿನಲ್ಲಿದ್ದಳು. ಅಮ್ಮ ಅವನ ಕೈಯ ಕುದುರೆಯನ್ನು ತಿರುಗಿಸಿದಳು. ಕಿವಿಯ ಹತ್ತಿರ ಬಣ್ಣವೆಲ್ಲ ಹೋಗಿ, ಬರಿಯ ಮರದ ಮೇಲೆ ಪುಟ್ಟ ಹಲ್ಲಿನ ಗುರುತು.

ಡಾಕ್ಟರೂ ಅದನ್ನೇ ನೋಡಿದರು. "ಇಂಥ ಬಣ್ಣದಲ್ಲಿ ಈಯಂ ಇರುತ್ತದೆ, ನೀವು ಸೀಸ ಅನ್ನೋದು. ಮಕ್ಕಳಿಗೆ ವಿಷ" ಎಂದು ಕುದುರೆಯನ್ನು ತಾವೇ ಇಟ್ಟುಕೊಂಡು, ರಕ್ತ ತೆಗೆದು ಪರೀಕ್ಷೆಗೆಂದು ಕಲ್ಲಿಕೋಟೆಗೆ ಕಳಿಸಿದರು.

ಸಂಜೆ ಮನೆಗೆ ಬಂದದ್ದೇ ಅಮ್ಮ ತಮ್ಮನನ್ನೆತ್ತಿಕೊಂಡೇ ಜಗಲಿಗೆ ಹೋಗಿ ಅಜ್ಜಿಯ ಮುಂದೆ ನಿಂತಳು.

"ಹಿಡ್ಕಳಿ ಅತ್ತೆ, ನಂಗೆ ಕೈ ಸೋತದೆ."

"ನನ್ನ ಬಾಯಿ ಕೆಂಪದೆ. ಪರವಾಗಿಲ್ವಾ?"

"ಇರ್ಲಿ, ಹಿಡ್ಕಳಿ." ಅವನನ್ನು ಅಜ್ಜಿಯ ಕೈಗೆ ಕೊಟ್ಟು ಅಮ್ಮ ಒಳಗೆ ಹೋಗಿ ಒಲೆ ಹಚ್ಚಿದಳು.

ರಕ್ತದಲ್ಲಿ ಸೀಸ ಸ್ವಲ್ಪವೇ ಇದೆ, ಸಮಯಕ್ಕೆ ಬಂದಿರಿ ಎಂದು ಡಾಕ್ಟರು ಹೇಳಿದ ಹೊತ್ತಿಗೆ ತಮ್ಮ ಅಜ್ಜಿಯ ಕೈಯಿಂದ ಮಣ್ಣಿ ತಿನ್ನತೊಡಗಿದ್ದ. ಈಗ ಅವನ ಮೀಸೆ ನರೆತಿದೆ. ಅವನು ಊಟಕ್ಕೆ ಕೂತು ಎರಡನೇ ಸಲ ಅನ್ನ ಹಾಕಿಸಿಕೊಳ್ಳುವಾಗ ಇವತ್ತಿಗೂ ನನ್ನ ಎದೆ ಹಗುರಾಗುತ್ತದೆ.

ಅಜ್ಜಿ, ಅಮ್ಮ ಇಬ್ಬರೂ ಹೋದರು. ಮನಸ್ತಾಪವಾದರೆ ನಾವೀಗ ಫೋನಿನಲ್ಲಿ ತಾಸುಗಟ್ಟಲೆ ಕಾರಣ ಹೇಳುತ್ತೇವೆ, ಕ್ಷಮಿಸು ಎನ್ನುತ್ತೇವೆ. ಮುಗಿದಂತೆ ಮಾತ್ರ ಅನಿಸುವುದಿಲ್ಲ. ಮಗುವನ್ನು ಕೈಗೆ ಕೊಟ್ಟು ಒಳಗೆ ಹೋಗಿ ಒಲೆ ಹಚ್ಚಿಬಿಡುವುದು ನಮಗೆ ಬರಲಿಲ್ಲ.