ಡಾಕ್ಟರು ಹೇಳಿದ್ದು, ನಾನು ಹೇಳಿದ್ದು

ಸಾಕ್ಷ್ಯಚಿತ್ರಗಳಿಗೆ ಮೈಕ್ ಹಿಡಿದು ಕನ್ನಡದಲ್ಲಿ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂದದ್ದು, ನನ್ನ ಗಂಟಲು ದೊಡ್ಡದು ಎಂಬ ಒಂದೇ ಕಾರಣಕ್ಕೆ. ದಾವಣಗೆರೆಯಿಂದ ಬಂದು ದೊಮ್ಮಲೂರಿನ ಒಂದು ಆಫೀಸಿನಲ್ಲಿ ಟೈಪು ಮಾಡಿಕೊಂಡಿದ್ದವಳು ನಾನು. ಎರಡು ಸಾವಿರದ ಇಸವಿಯ ಆಚೀಚೆ ನಾವು ನಾಲ್ಕೈದು ಮಂದಿ ಸೇರಿ, ಥಿಯೇಟರಿಗೂ ಟೀವಿಗೂ ಬೇಡವಾದ ಚಿತ್ರಗಳ ಕ್ಯಾಸೆಟ್ ತರಿಸಿ, ಎರವಲು ಪ್ರೊಜೆಕ್ಟರಿನಲ್ಲಿ ತೋರಿಸುತ್ತಿದ್ದೆವು. ಇಂದಿರಾನಗರದ ಬಂಗಲೆಯ ವರಾಂಡದಲ್ಲಿ ತೋರಿಸಿದರೆ ಬಂದವರು ಬಿಸ್ಕತ್ತು ತಿಂದು, ಚಿತ್ರಕ್ಕಿಂತ ಉದ್ದದ ಚರ್ಚೆ ಮಾಡಿ ಹೋಗುತ್ತಿದ್ದರು. ಶಿವಾಜಿನಗರದ ಗಲ್ಲಿಯಲ್ಲಿ ತೋರಿಸಿದರೆ ಮೊದಲ ಪ್ರಶ್ನೆ ಹೀರೋ ಯಾರು, ಎರಡನೆಯದು ಫೈಟಿಂಗ್ ಇದೆಯಾ. ನನಗೆ ಗಲ್ಲಿಯವರೇ ಇಷ್ಟ. ಹಿಡಿಸದಿದ್ದರೆ ಕಾರಣ ಹೇಳದೆ ಎದ್ದು ಹೋಗುತ್ತಿದ್ದರು.

ಚಿತ್ರಗಳ ನಿರೂಪಣೆಯೆಲ್ಲ ಇಂಗ್ಲಿಷಿನಲ್ಲಿ. ಪರದೆಯ ಪಕ್ಕ ನಿಂತು, ಒಂದು ವಾಕ್ಯ ಮುಗಿಯುತ್ತಿದ್ದಂತೆ ಅದರ ಕನ್ನಡ ಹೇಳಬೇಕು. ತಡವರಿಸಿದರೆ ಮುಂದಿನ ವಾಕ್ಯ ಬಂದುಬಿಡುತ್ತದೆ. ಹಾಗಾಗಿ ಚಿತ್ರವನ್ನು ಮೊದಲೇ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ.

ಒಮ್ಮೆ ಹಲಸೂರಿನ ಒಂದು ಬೀದಿಯಲ್ಲಿ ತೋರಿಸಿದ್ದು ಆ ಬೀದಿಯದೇ ಚಿತ್ರ. ಅಲ್ಲಿನ ಗಂಡಸರಲ್ಲಿ ಬಹಳ ಮಂದಿ ಮ್ಯಾನ್‌ಹೋಲ್ ಶುಚಿ ಮಾಡುವವರು. ಹಿಂದಿನ ವರ್ಷ ಒಬ್ಬ ಮ್ಯಾನ್‌ಹೋಲಿಗೆ ಇಳಿದವನು ಹೆಣವಾಗಿ ಮೇಲೆ ಬಂದಿದ್ದ. ಅವರನ್ನೆಲ್ಲ ಕೆಲಸಕ್ಕೆ ಕರೆದೊಯ್ಯುತ್ತಿದ್ದ ಮೇಸ್ತ್ರಿಯೂ ಅದೇ ಬೀದಿಯವನು. ಅವನು ಹೇಳಿದ್ದು ಇಷ್ಟು: ಹುಡುಗ ಕುಡಿದಿದ್ದ, ಕಾಲು ಜಾರಿತು, ಒಂದೇ ಕ್ಷಣದಲ್ಲಿ ಹೋಗಿಬಿಟ್ಟ, ಯಾರೂ ಏನೂ ಮಾಡುವ ಹಾಗಿರಲಿಲ್ಲ. ಬೀದಿ ಅದನ್ನೇ ನಂಬಿತ್ತು. ನಂಬದೆ ಅವರಿಗೆ ಗತಿಯೂ ಇರಲಿಲ್ಲ. ನಾಳೆಯ ಕೂಲಿ ಅವನ ಕೈಯಲ್ಲಿತ್ತು.

ನಂಬದವಳು ಒಬ್ಬಳೇ, ಸತ್ತವನ ತಾಯಿ. ಕಂಟೋನ್ಮೆಂಟಿನ ಬಂಗಲೆಯೊಂದರಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು. ನಮ್ಮನ್ನು ಹುಡುಕಿಕೊಂಡು ಬಂದದ್ದು ಅವಳೇ. "ನಮ್ ಬೀದೀಲೇ ತೋರಿಸ್ರಮ್ಮಾ. ಅಲ್ಲಿ ಏನಾಯ್ತೋ ಅದನ್ನ ಎಲ್ಲರ ಮುಂದೆ ಯಾರಾದ್ರೂ ಒಂದ್ಸಲ ಹೇಳಿದ್ರೆ ಸಾಕು" ಎಂದಳು. ಮಗ ಕುಡುಕನಲ್ಲ ಎಂದು ಹೇಳಿಸಬೇಕಾಗಿದೆ, ಅಷ್ಟೇ ಎಂದುಕೊಂಡೆ ನಾನು. ಪರದೆಗೆ ತನ್ನ ದೊರೆಸಾನಿ ಕೊಟ್ಟ ದಪ್ಪ ಬಿಳಿ ಬೆಡ್‌ಶೀಟನ್ನು ಇಸ್ತ್ರಿ ಮಾಡಿ ತಂದಿದ್ದಳು.

ಚಿತ್ರ ತೆಗೆದಾಕೆ ಹೊರರಾಜ್ಯದವಳು, ಕನ್ನಡ ಬಾರದು. ನಾನು ನೋಡಿ ಬರೆದುಕೊಂಡಿದ್ದು ಹಳೆಯ ಕ್ಯಾಸೆಟ್ಟು. ಪ್ರದರ್ಶನದ ದಿನ ಸಂಜೆ ಆಕೆ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ನೇರವಾಗಿ ಬಂದು ಹೊಸದೊಂದನ್ನು ಕೈಗಿಟ್ಟಳು. ಐದು ನಿಮಿಷ ಸೇರಿಸಿದ್ದೇನೆ, ಶವಪರೀಕ್ಷೆ ಮಾಡಿದ ಡಾಕ್ಟರು ಮಾತಾಡಿದ್ದಾರೆ ಎಂದಳು. ಕತ್ತಲಾಗುತ್ತಿತ್ತು, ಟೀ ಅಂಗಡಿಯಿಂದ ಕರೆಂಟು ಎಳೆದಾಗಿತ್ತು, ಜನ ಚಾಪೆ ಹಾಸಿ ಕೂತಿದ್ದರು. ಐದು ನಿಮಿಷ ತಾನೇ, ನಿಭಾಯಿಸಿದರಾಯಿತು ಎಂದುಕೊಂಡೆ. ನನ್ನ ಧಿಮಾಕಿಗೆ ಏನು ಹೇಳಲಿ.

ಮೊದಲರ್ಧ ಚೆನ್ನಾಗಿ ಹೋಯಿತು. ತಮ್ಮ ಬೀದಿಯ ನಲ್ಲಿ, ತಮ್ಮ ನಾಯಿ ಪರದೆಯ ಮೇಲೆ ಬಂದಾಗ ಜನ ಕೂಗಾಡಿದರು. ಮೇಸ್ತ್ರಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹಿಂದೆ ಕೂತಿದ್ದ. ತಾಯಿ ಎಲ್ಲರಿಗಿಂತ ಮುಂದೆ, ನನ್ನ ಕಾಲಿನ ಹತ್ತಿರವೇ.

ಡಾಕ್ಟರು ಬಂದರು. ಹೊಟ್ಟೆಯಲ್ಲಿ ಹೆಂಡದ ಸುಳಿವೇ ಇರಲಿಲ್ಲ ಎಂದರು ಇಂಗ್ಲಿಷಿನಲ್ಲಿ. ನಾನು ಖುಷಿಯಿಂದ ಕೂಗಿಯೇ ಹೇಳಿದೆ. ಬೀದಿ ಗುಜುಗುಜು ಎಂದಿತು. ಆಮೇಲೆ ಡಾಕ್ಟರು ಹೇಳಿದರು: ಶ್ವಾಸಕೋಶದಲ್ಲಿ ಕೊಳಚೆ ತುಂಬಿತ್ತು, ಅಂದರೆ ಬಿದ್ದ ಮೇಲೂ ಅವನು ಉಸಿರಾಡುತ್ತಿದ್ದ, ಬೇಗ ಮೇಲೆತ್ತಿದ್ದರೆ ಬದುಕುತ್ತಿದ್ದ.

ಹೆತ್ತವಳ ತಲೆ ನನ್ನ ಮೊಣಕಾಲಿನ ಮಟ್ಟದಲ್ಲಿತ್ತು. ಆ ಕತ್ತಲ ಗುಂಡಿಯಲ್ಲಿ ನಿನ್ನ ಮಗ ಉಸಿರಾಡುತ್ತಿದ್ದ ಎಂದು ಮೈಕಿನಲ್ಲಿ ಹೇಗೆ ಹೇಳಲಿ? ಎಲ್ಲರೂ ನನ್ನತ್ತ ನೋಡುತ್ತಿದ್ದರು. "ಒಂದೇ ಕ್ಷಣದಲ್ಲಿ ಪ್ರಾಣ ಹೋಗಿದೆ, ನೋವಾಗಿಲ್ಲ ಅಂತಿದ್ದಾರೆ ಡಾಕ್ಟರು" ಎಂದುಬಿಟ್ಟೆ.

ಹಿಂದಿನಿಂದ ಮೇಸ್ತ್ರಿ ಎದ್ದು ನಿಂತ. "ಕೇಳಿದ್ರಾ? ನಾನು ಅವತ್ತೇ ಹೇಳ್ಲಿಲ್ವಾ? ಒಂದೇ ಕ್ಷಣ. ಫೈರ್ ಇಂಜಿನ್ ಯಾಕೆ ಕರೀಲಿಲ್ಲ, ಯಾಕೆ ಕರೀಲಿಲ್ಲ ಅಂತ ವರ್ಷವೆಲ್ಲ ನನ್ನ ಪ್ರಾಣ ತಿಂದ್ಲಲ್ಲ ಈಯಮ್ಮ! ಈಗ ಡಾಕ್ಟರೇ ಹೇಳವ್ರೆ!"

ಆಗ ತಾಯಿ ಎದ್ದಳು. "ಡಾಕ್ಟರು ಹಂಗೆ ಹೇಳ್ಲಿಲ್ಲ. ಉಸಿರಾಡ್ತಿದ್ದ ಅಂದ್ರು" ಎಂದಳು, ಮೊದಲು ತಮಿಳಿನಲ್ಲಿ, ಆಮೇಲೆ ಕನ್ನಡದಲ್ಲಿ. ಯಾರೋ ನಕ್ಕರು. "ಓದಿರೋ ಮೇಡಂಗಿಂತ ನಿಂಗೆ ಇಂಗ್ಲಿಷ್ ಬರತ್ತಾ? ಕೂತ್ಕೊಳಮ್ಮ" ಎಂದರು. ಅವಳು ಕೂರಲಿಲ್ಲ. ನನ್ನ ಕಡೆ ತಿರುಗಿ, "ಹೇಳಮ್ಮಾ" ಎಂದಳು.

ಆ ಒಂದು ಘಳಿಗೆಯನ್ನು ನಾನು ಎಷ್ಟು ಸಲ ಹಿಂದಕ್ಕೆ ಸುತ್ತಿ ನೋಡಿದ್ದೇನೋ. ಹೇಳಬಹುದಿತ್ತು. ಕ್ಯಾಸೆಟ್ ನಿಲ್ಲಿಸಿ ಎಂದು ಕೂಗಬಹುದಿತ್ತು. ಆದರೆ ಅಷ್ಟು ಜನರ ಮುಂದೆ ಸುಳ್ಳಿ ಅನ್ನಿಸಿಕೊಳ್ಳಲು ನನಗೆ ಹೆದರಿಕೆಯಾಯಿತು. ಚಿತ್ರ ಯಾರಿಗೂ ಕಾಯುವುದಿಲ್ಲ. ಮುಂದಿನ ವಾಕ್ಯ ಬಂತು. ನಾನು ಆ ಮುಂದಿನ ವಾಕ್ಯದ ಅರ್ಥ ಹೇಳಿದೆ. ಅವಳು ಕೂತಳು.

ನಮ್ಮೂರಿನಲ್ಲಿ ಇಂಗ್ಲಿಷ್ ಎಂದರೆ ಶಾಲೆ, ಪರೀಕ್ಷೆ, ಫೇಲು. ಓದು ಬರದವರಿಗೆ ಇಂಗ್ಲಿಷೂ ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಕಂಟೋನ್ಮೆಂಟಿನ ಅಡುಗೆಮನೆಗಳಲ್ಲಿ ಒಂದಕ್ಷರ ಬರೆಯಲಾರದ ಆಯಾಗಳು ದೊರೆಸಾನಿಯ ಮಕ್ಕಳನ್ನು ಇಂಗ್ಲಿಷಿನಲ್ಲೇ ಗದರಿ, ಇಂಗ್ಲಿಷಿನಲ್ಲೇ ಮುದ್ದು ಮಾಡಿ ಬೆಳೆಸಿದ್ದು ಇಡೀ ಹಲಸೂರಿಗೆ ಗೊತ್ತಿರಬೇಕಿತ್ತು. ನನಗಂತೂ ಆ ಬೆಡ್‌ಶೀಟ್ ನೋಡಿಯಾದರೂ ಹೊಳೆಯಬೇಕಿತ್ತು.

ಎಲ್ಲ ಮುಗಿದ ಮೇಲೆ ಅವಳೇ ಬಂದು ಬೆಡ್‌ಶೀಟಿನ ಗಂಟು ಬಿಚ್ಚಿದಳು. ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಎದುರುಬದುರು ನಿಂತು ಮಡಿಸಿದೆವು.

"ನೀನ್ಯಾಕಮ್ಮಾ ಹಂಗೆ ಹೇಳ್ದೆ?"

"ನಿಮಗೆ ನೋವಾಗಬಾರದು ಅಂತ, ಅಮ್ಮಾ."

"ನಂಗೆ ಅದು ಗೊತ್ತಿತ್ತು" ಎಂದಳು. "ಅವನನ್ನ ತೊಳೆದವಳು ನಾನು. ಮೂಗಲ್ಲಿ, ಬಾಯಲ್ಲಿ ಏನಿತ್ತು ಅಂತ ಕಣ್ಣಾರೆ ಕಂಡಿದ್ದೀನಿ. ನನಗೆ ಹೇಳು ಅಂತ ನಾನ್ಯಾವಾಗಮ್ಮ ಕೇಳ್ದೆ? ಅವರಿಗೆ ಹೇಳು ಅಂದೆ."

ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. ಬಯ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೆಡ್‌ಶೀಟನ್ನು ಎದೆಗೆ ಒತ್ತಿಕೊಂಡು ಮನೆಗೆ ಹೋದಳು.

ಚಿತ್ರವನ್ನು ಮತ್ತೆ ತೋರಿಸಬಹುದಿತ್ತು. ತೋರಿಸಿ ಏನು ಬಂತು? ಆ ಬೀದಿಯಲ್ಲಿ ಡಾಕ್ಟರು ಎಷ್ಟು ಸಲ ಮಾತಾಡಿದರೂ, ನಾನು ಹೇಳಿದ್ದೇ ಅವರ ಮಾತು. ಮರುದಿನ ಆಫೀಸಿಗೆ ರಜೆ ಹಾಕಿ ಆ ಬೀದಿಗೆ ಹೋದೆ. ಒಂದೊಂದೇ ಬಾಗಿಲು ತಟ್ಟಿದೆ. ನಾನು ನಿನ್ನೆ ತಪ್ಪು ಹೇಳಿದೆ, ಬೇಕೆಂದೇ ತಪ್ಪು ಹೇಳಿದೆ, ಅವನು ಉಸಿರಾಡುತ್ತಿದ್ದ, ಬೇಗ ಎತ್ತಿದ್ದರೆ ಬದುಕುತ್ತಿದ್ದ ಎಂದೆ. ಕೆಲವರು ಬಾಗಿಲಲ್ಲೇ ತಲೆಯಾಡಿಸಿದರು. ಕೆಲವರು ಮೇಸ್ತ್ರಿಯ ಮನೆಯತ್ತ ಒಮ್ಮೆ ನೋಡಿ ಒಳಗೆ ಹೋದರು. ಅರ್ಧ ಬೀದಿ ಮುಗಿಯುವಷ್ಟರಲ್ಲಿ ನನ್ನ ದೊಡ್ಡ ಗಂಟಲು ಸೋತಿತ್ತು. ಅವಳ ಮನೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಅವಳು ಅಕ್ಕಿ ಆರಿಸುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಕೊನೆಗೆ ನಮಗೆ ಕರೆಂಟು ಕೊಟ್ಟಿದ್ದ ಟೀ ಅಂಗಡಿಯ ಮುದುಕ ಕರೆದ. ಒಳ್ಳೆಯ ಮನುಷ್ಯ. ಸ್ಟೂಲು ಒರೆಸಿ ಕೂರಿಸಿದ, ಕೇಳದೆಯೇ ಟೀ ಕೊಟ್ಟ. ಅವನಿಗೂ ಹೇಳಿದೆ, ಅಳುತ್ತಲೇ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಬಿಡಿ ಮೇಡಂ" ಎಂದ ಮೆಲ್ಲಗೆ, ಅವಳ ಬಾಗಿಲ ಕಡೆ ನೋಡಿ. "ಆಯಮ್ಮನ ಸಮಾಧಾನಕ್ಕೆ ಹಿಂಗೆ ಹೇಳ್ತಿದ್ದೀರ ಅಂತ ನಮಗೆ ಗೊತ್ತಾಗಲ್ವಾ? ನಿಮ್ಮ ಮನಸ್ಸು ದೊಡ್ಡದು."